ಮನೆ ವೈನಿನ ಕಿಟ್: ದುಡ್ಡು ಕೊಡಬೇಕಾದದ್ದು ಆ ಗಾಜಿನ ಕಡ್ಡಿಗೆ

ಆನ್‌ಲೈನಿನಲ್ಲಿ ಸಿಗುವ ಮನೆ ವೈನಿನ ಕಿಟ್ ತರಿಸಬಹುದಾ ಎಂದು ಚರ್ಚಿನಲ್ಲಿ ಸಿಕ್ಕವರು, ನನ್ನ ಹಳೆಯ ವಿದ್ಯಾರ್ಥಿಗಳು, ಅಕ್ಕಪಕ್ಕದ ಮನೆಯವರು ಕೇಳುತ್ತಲೇ ಇದ್ದಾರೆ. ಸಕ್ಕರೆ ಎಷ್ಟಿದೆ ಎಂದು ಅಳೆಯುವ ಗಾಜಿನ ಕಡ್ಡಿ, ಅಂದರೆ ಹೈಡ್ರೋಮೀಟರ್, ಮತ್ತು ಹೊರಗಿನ ಗಾಳಿಯನ್ನು ಒಳಗೆ ಬಿಡದ ಏರ್‌ಲಾಕ್ ಇರುವ ಕಿಟ್ ಆದರೆ ತರಿಸಿ. ಅವೆರಡೂ ಇಲ್ಲದೆ ಬರೀ ಚಂದದ ಜಾಡಿ, ಲೇಬಲ್ಲು, ಕಾರ್ಕು ತುಂಬಿದ ಪೆಟ್ಟಿಗೆಯಾದರೆ ಬೇಡ. ಹಣ್ಣು, ಸಕ್ಕರೆ, ಪಾತ್ರೆ, ಸೋಸುವ ಬಟ್ಟೆ ಎಲ್ಲ ನಮ್ಮ ಅಡುಗೆಮನೆಗಳಲ್ಲೇ ಇವೆ. ಇಷ್ಟು ವರ್ಷ ಇಲ್ಲದೇ ಇದ್ದದ್ದು ಅಳತೆ ಒಂದೇ.

ನನಗೆ ಬಂದದ್ದು ಹತ್ತು ಲೀಟರಿನ ಕಿಟ್. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಬುಕ್ ಮಾಡಿ ಚಿಕ್ಕಮಗಳೂರಿನ ವಿಳಾಸಕ್ಕೆ ಕಳಿಸಿದ. ಎರಡೂವರೆ ಸಾವಿರದ ಮೇಲೆ ಚಿಲ್ಲರೆ ಆಯಿತು. ಒಳಗಿದ್ದವು ಇವು: ಮುಚ್ಚಳದಲ್ಲಿ ರಬ್ಬರ್ ಬಿರಡೆ, ತಳದಲ್ಲಿ ನಲ್ಲಿ ಇರುವ ಬಿಳಿ ಪ್ಲಾಸ್ಟಿಕ್ ಬಕೆಟ್, ನೀರು ತುಂಬಿಸುವ ಬಾಗಿದ ಏರ್‌ಲಾಕ್, ಹೈಡ್ರೋಮೀಟರ್ ಮತ್ತು ಅದನ್ನು ತೇಲಿಸಲು ಉದ್ದನೆಯ ಕೊಳವೆ, ಒಂದು ಬಾಟಲಿಯಿಂದ ಇನ್ನೊಂದಕ್ಕೆ ಎಳೆಯುವ ಸೈಫನ್ ಪೈಪು, ತೊಳೆಯುವ ಪುಡಿ, ಬೆಳ್ಳಿಬಣ್ಣದ ಪೊಟ್ಟಣದಲ್ಲಿ ಯೀಸ್ಟ್, ಹತ್ತು ಕಾರ್ಕು, ಒಂದು ಸೂಚನಾಪತ್ರ.

ಇದರ ಬೆಲೆ ಅರ್ಥವಾಗಬೇಕಾದರೆ ನಮ್ಮ ಮನೆಗಳ ಕ್ರಿಸ್‌ಮಸ್ ವೈನ್ ಹೇಗೆ ಆಗುತ್ತದೆ ಎನ್ನುವುದನ್ನು ನೆನಪಿಸಿಕೊಳ್ಳಬೇಕು. ನಮ್ಮ ಅತ್ತೆಯವರ ಲೆಕ್ಕ ಬಾಯಿಪಾಠ: ಒಂದು ಕಿಲೋ ಕಪ್ಪು ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ, ಒಂದು ಲೀಟರ್ ಕಾದಾರಿದ ನೀರು, ಒಂದು ಹಿಡಿ ಗೋಧಿ, ಎರಡು ಚಕ್ಕೆ, ನಾಲ್ಕು ಲವಂಗ, ಒಂದು ಚಮಚ ಬ್ರೆಡ್ಡಿನ ಯೀಸ್ಟ್. ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ, ದಿನಾ ಮರದ ಸೌಟಿನಲ್ಲಿ ತಿರುವಿ, ಇಪ್ಪತ್ತೊಂದನೇ ದಿನ ಸೋಸುವುದು. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಎಷ್ಟೋ ಮನೆಗಳಲ್ಲಿ ಇದೇ ಲೆಕ್ಕ, ಅಲ್ಲೊಂದು ಇಲ್ಲೊಂದು ವ್ಯತ್ಯಾಸ ಅಷ್ಟೇ. ಬಣ್ಣ ಚೆನ್ನಾಗಿರುತ್ತದೆ, ಪರಿಮಳವೂ ಇರುತ್ತದೆ. ಆದರೆ ಕುಡಿದರೆ ಪಾನಕ. ಒಂದು ಸಣ್ಣ ಲೋಟದ ಮೇಲೆ ಹೋಗುವುದಿಲ್ಲ. ಕೆಲವು ವರ್ಷ ಹುಳಿಯೂ ಬಂದುಬಿಡುತ್ತದೆ, ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ದೃಷ್ಟಿ ಬಿತ್ತು ಅನ್ನುತ್ತಾರೆ, ದ್ರಾಕ್ಷಿ ಸರಿ ಇರಲಿಲ್ಲ ಅನ್ನುತ್ತಾರೆ.

ಕಿಟ್ ಬಂದ ಮೇಲೆ ನಾನು ಮೊದಲು ಅಳೆದದ್ದು ಅತ್ತೆಯವರ ಇದೇ ಮಿಶ್ರಣವನ್ನು. ಹೈಡ್ರೋಮೀಟರ್ ಗೊತ್ತಿಲ್ಲದವರಿಗೆ ಒಂದು ಮಾತು. ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ನೋಡಿರುತ್ತೀರಿ, ಇದೂ ಅದೇ ಜಾತಿಯದು: ತಳದಲ್ಲಿ ಭಾರ ಇರುವ ಗಾಜಿನ ಕೊಳವೆ, ಒಳಗೆ ಅಂಕಿಗಳ ಪಟ್ಟಿ. ಬರೀ ನೀರಿನಲ್ಲಿ ಬಿಟ್ಟರೆ 1.000 ತೋರಿಸುತ್ತದೆ. ಸಕ್ಕರೆ ಕರಗಿದಷ್ಟೂ ದ್ರವ ಗಟ್ಟಿಯಾಗಿ ಕಡ್ಡಿ ಮೇಲೇಳುತ್ತದೆ, ಅಂಕಿ 1.050, 1.090 ಎಂದು ಏರುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡಿದ ಹಾಗೆ ಕಡ್ಡಿ ದಿನದಿನಕ್ಕೂ ಮುಳುಗುತ್ತಾ ಬರುತ್ತದೆ. ಮದ್ಯಸಾರ ನೀರಿಗಿಂತ ಹಗುರ, ಆದ್ದರಿಂದ ಸಕ್ಕರೆ ಪೂರ್ತಿ ಮುಗಿದಾಗ ಅಂಕಿ 1.000ಕ್ಕಿಂತ ಕೆಳಗೆ, 0.995ರ ಆಸುಪಾಸಿಗೆ ಇಳಿಯುತ್ತದೆ. ಶುರುವಿನ ಅಂಕಿಯಿಂದ ಕೊನೆಯ ಅಂಕಿ ಕಳೆದು 131.25ರಿಂದ ಗುಣಿಸಿದರೆ ಮದ್ಯಸಾರ ಶೇಕಡಾ ಎಷ್ಟು ಎನ್ನುವುದು ಹತ್ತಿರಹತ್ತಿರ ಬರುತ್ತದೆ.

ಅತ್ತೆಯವರ ಮಿಶ್ರಣದಲ್ಲಿ ಬಿಟ್ಟಾಗ ಕಡ್ಡಿಯ ಪಟ್ಟಿಯೇ ಸಾಲಲಿಲ್ಲ. ಪಟ್ಟಿ ಮುಗಿಯುವುದು 1.160ಕ್ಕೆ, ಅದರಾಚೆ ಎದ್ದು ನಿಂತಿತು. ಕಾಗದದಲ್ಲಿ ಲೆಕ್ಕ ಹಾಕಿ ನೋಡಿ: ಕಿಲೋ ದ್ರಾಕ್ಷಿಯಲ್ಲಿರುವ ಸಕ್ಕರೆ, ಹಾಕಿದ ಕಿಲೋ ಸಕ್ಕರೆ ಎರಡೂ ಸೇರಿ ಸುಮಾರು ಎರಡೂವರೆ ಲೀಟರ್ ದ್ರವದಲ್ಲಿ ಕರಗುತ್ತವೆ. ಅಂದರೆ ಲೀಟರಿಗೆ ನಾನೂರೈವತ್ತು ಗ್ರಾಂ ಹತ್ತಿರ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯಿಂದ ಶೇಕಡಾ 1ರಷ್ಟು ಮದ್ಯಸಾರ ಬರುತ್ತದೆ. ಆ ಲೆಕ್ಕದಲ್ಲಿ ಇಷ್ಟು ಸಕ್ಕರೆಗೆ ಶೇಕಡಾ 26 ಬರಬೇಕು. ಯಾವ ಯೀಸ್ಟೂ ಅಲ್ಲಿಯವರೆಗೆ ಬದುಕುವುದಿಲ್ಲ. ಬ್ರೆಡ್ಡಿನ ಯೀಸ್ಟ್ 10, 12 ದಾಟುವ ಹೊತ್ತಿಗೆ ಸೋತುಬಿಡುತ್ತದೆ. ಮಿಕ್ಕ ಸಕ್ಕರೆ, ಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು, ಬಾಟಲಿಯಲ್ಲೇ ಉಳಿಯುತ್ತದೆ. ಅತಿ ಸಕ್ಕರೆಯಲ್ಲಿ ಯೀಸ್ಟ್ ಏಳುವುದೂ ನಿಧಾನ. ‘ಈ ಸಲ ಭರಣಿ ಎದ್ದೇ ಇಲ್ಲ’ ಎಂದು ಹೇಳುತ್ತಾರಲ್ಲ, ಅದಕ್ಕೆ ಬಹಳ ಸಲ ಇದೇ ಕಾರಣ. ನಮ್ಮ ಮನೆಯ ವೈನ್ ಯಾಕೆ ಪಾನಕವಾಗುತ್ತಿತ್ತು ಎನ್ನುವ ಪ್ರಶ್ನೆಗೆ ಈ ಕಡ್ಡಿ ಒಂದೇ ನಿಮಿಷದಲ್ಲಿ ಉತ್ತರ ಕೊಟ್ಟಿತು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಆ ನಿಮಿಷದ ಸಂತೋಷವನ್ನು ಹೇಳಲು ಬರುವುದಿಲ್ಲ.

ಕಿಟ್ಟಿನಲ್ಲಿ ನಿಜವಾಗಿ ಮಾಡಿದ್ದು ನೇರಳೆ ವೈನ್. ಜೂನಿನಲ್ಲಿ ಕಡೂರು, ತರೀಕೆರೆ ಕಡೆಯಿಂದ ಬುಟ್ಟಿಗಟ್ಟಲೆ ನೇರಳೆ ನಮ್ಮೂರ ಮಾರ್ಕೆಟ್ಟಿಗೆ ಬರುತ್ತದೆ. ನಾಲ್ಕು ಕಿಲೋ ತಂದು, ತೊಳೆದು, ಕೈಯಲ್ಲಿ ಕಿವುಚಿ ಬೀಜ ತೆಗೆದೆ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಕಹಿ ಒಗರು ಬಿಟ್ಟುಕೊಳ್ಳುತ್ತದೆ. ಕಾದಾರಿದ ನೀರು ಸೇರಿಸಿ ಒಟ್ಟು ಎಂಟೂವರೆ ಲೀಟರ್ ಮಾಡಿದೆ. ನೊರೆ ಏಳುವುದಕ್ಕೆ ಮೇಲೆ ಜಾಗ ಬೇಕು, ಹತ್ತು ಲೀಟರಿನ ಬಕೆಟ್ಟಿಗೆ ಹತ್ತು ಲೀಟರ್ ಹಾಕುವುದಲ್ಲ. ಕಡ್ಡಿ 1.023 ತೋರಿಸಿತು. ನನಗೆ ಬೇಕಾದದ್ದು 1.085. ಒಂದು ಲೀಟರ್ ದ್ರವದ ಅಂಕಿಯನ್ನು 0.010 ಏರಿಸಲು 26 ಗ್ರಾಂ ಸಕ್ಕರೆ ಬೇಕು ಎನ್ನುವ ಲೆಕ್ಕ ಹಿಡಿದರೆ ಸುಮಾರು ಒಂದು ಕಿಲೋ ನಾನೂರು ಗ್ರಾಂ. ಅತ್ತೆಯವರ ಲೆಕ್ಕದಲ್ಲಿ ಇದೇ ಹಣ್ಣಿಗೆ ನಾಲ್ಕು ಕಿಲೋ ಹೋಗಬೇಕಿತ್ತು.

ಹಣ್ಣಿನ ಸಿಪ್ಪೆಯ ಮೇಲೆ ಕಾಡು ಯೀಸ್ಟು, ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅವುಗಳನ್ನು ಅಡಗಿಸಲು ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೇಕು. ಇದು ಕಿಟ್ಟಿನಲ್ಲಿ ಇರಲೇ ಇಲ್ಲ. ಸ್ಕ್ವಾಶು, ಜಾಮು ಮಾಡುವವರು ಬಳಸುವ ಪುಡಿ ಇದೇ. ಹತ್ತು ಲೀಟರಿಗೆ ಒಂದು ಗ್ರಾಂಗಿಂತ ಸ್ವಲ್ಪ ಕಡಿಮೆ ಸಾಕು. ಚಮಚದಲ್ಲಿ ಅಂದಾಜು ಮಾಡದೆ ಸಣ್ಣ ತಕ್ಕಡಿಯಲ್ಲಿ ತೂಗಿ. ಹಾಕಿ ಒಂದು ದಿನ ಬಟ್ಟೆ ಮುಚ್ಚಿ ಬಿಟ್ಟು, ಆಮೇಲೆ ಯೀಸ್ಟ್ ಹಾಕಬೇಕು. ಆಸ್ತಮಾ ಇರುವವರಿಗೆ ಸಲ್ಫೈಟ್ ಆಗದೇ ಇರಬಹುದು, ಕುಡಿಯಲು ಕೊಡುವಾಗ ಹೇಳಿ ಕೊಡಿ.

ಯೀಸ್ಟಿನ ವಿಷಯಕ್ಕೆ ಬಂದರೆ ಈ ಕಿಟ್ ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಬೆಳ್ಳಿ ಪೊಟ್ಟಣದ ಮೇಲೆ ಹೆಸರಿಲ್ಲ, ತಾರೀಖಿಲ್ಲ, ಎಷ್ಟು ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ ಎಂದಿಲ್ಲ. ಯೀಸ್ಟ್ ಜೀವ ಇರುವ ವಸ್ತು, ಹಳೆಯದಾದರೆ ಸತ್ತಿರುತ್ತದೆ. ಅದನ್ನು ಪಕ್ಕಕ್ಕಿಟ್ಟು ಲಾಲ್ವಿನ್ ಇಸಿ-1118 ಎನ್ನುವ ವೈನ್ ಯೀಸ್ಟ್ ಬೇರೆ ತರಿಸಿಕೊಂಡೆ. ಫ್ರಾನ್ಸಿನ ಶಾಂಪೇನ್ ಪ್ರದೇಶದಿಂದ ಬಂದ ತಳಿ. ಐದು ಗ್ರಾಂ ಪೊಟ್ಟಣ ಇಪ್ಪತ್ತು ಲೀಟರಿನವರೆಗೂ ಸಾಕಾಗುತ್ತದೆ, 10ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುತ್ತದೆ, ಶೇಕಡಾ 18ರವರೆಗಿನ ಮದ್ಯಸಾರ ತಡೆಯುತ್ತದೆ. ಐವತ್ತು ಮಿಲಿಲೀಟರ್ ನೀರನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿ ಅದರಲ್ಲಿ ಕಾಲು ಗಂಟೆ ನೆನೆಸಿ ಹಾಕಿದರೆ ಮಾರನೇ ದಿನಕ್ಕೇ ಏಳುತ್ತದೆ. ಇದರ ಒಂದು ಗುಣ ಮಾತ್ರ ಮೊದಲೇ ತಿಳಿದಿರಲಿ: ಸಕ್ಕರೆಯನ್ನು ಪೂರ್ತಿ ಮುಗಿಸದೆ ಬಿಡುವುದಿಲ್ಲ. ವೈನ್ ಖಡಕ್ ಆಗಿ ಬರುತ್ತದೆ. ಹಣ್ಣಿನ ಘಮ ಸ್ವಲ್ಪ ಹೆಚ್ಚು ಉಳಿಯಲಿ, ಹುಳಿ ಮೆತ್ತಗಾಗಲಿ ಎನ್ನುವವರು ಅದೇ ಕಂಪನಿಯ 71ಬಿ ತರಿಸಬಹುದು. ಅದು ಹಣ್ಣಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವನ್ನೂ ಒಂದಷ್ಟು ತಿನ್ನುತ್ತದೆ.

ಈಗ ಏರ್‌ಲಾಕ್. ಮೂವತ್ತು ನಲವತ್ತು ರೂಪಾಯಿಯ ಪ್ಲಾಸ್ಟಿಕ್ ತುಂಡು, ಮಧ್ಯದ ಬಾಗಿನಲ್ಲಿ ನೀರು. ಒಳಗೆ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಗುಳುಗುಳು ಎಂದು ನೀರಿನ ಮೂಲಕ ಹೊರಗೆ ಹೋಗುತ್ತದೆ, ಹೊರಗಿನ ಗಾಳಿ ಒಳಗೆ ಬರುವುದಿಲ್ಲ. ಇಷ್ಟೇ ಅದರ ಕೆಲಸ. ಆದರೆ ಕೆಲವು ವರ್ಷ ವೈನ್ ಯಾಕೆ ಹುಳಿಯಾಗುತ್ತದೆ ಎನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಮದ್ಯಸಾರವನ್ನು ವಿನೆಗರ್ ಮಾಡುವ ಅಸಿಟೋಬ್ಯಾಕ್ಟರ್‌ಗೆ ಗಾಳಿ ಬೇಕು. ಹಣ್ಣಿನ ನೊಣಗಳು ಅದನ್ನು ಕಾಲಲ್ಲಿ ಹೊತ್ತು ತರುತ್ತವೆ. ಭರಣಿಯ ಬಾಯಿಯ ಬಟ್ಟೆ ಮೊದಲ ನಾಲ್ಕೈದು ದಿನಕ್ಕೆ ಸರಿ, ಆಗ ಗ್ಯಾಸು ರಭಸದಿಂದ ಹೊರಗೆ ನುಗ್ಗುತ್ತಿರುತ್ತದೆ, ಯೀಸ್ಟಿಗೂ ಶುರುವಿನಲ್ಲಿ ಒಂದಿಷ್ಟು ಗಾಳಿ ಬೇಕು. ಗುಳ್ಳೆ ಇಳಿದ ಮೇಲೂ ಬಟ್ಟೆಯಲ್ಲೇ ಬಿಟ್ಟರೆ ವಿನೆಗರ್‌ಗೆ ಬಾಗಿಲು ತೆಗೆದಿಟ್ಟ ಹಾಗೆ. ನೇರಳೆಯನ್ನು ಐದು ದಿನ ಸಿಪ್ಪೆಯ ಜೊತೆ ಬಟ್ಟೆ ಮುಚ್ಚಿ ಇಟ್ಟು, ದಿನಕ್ಕೆರಡು ಸಲ ಒತ್ತಿ, ಸೋಸಿ, ಆಮೇಲೆ ಏರ್‌ಲಾಕ್ ಹಾಕಿದೆ. ಕರೆಂಟು ಬೇಡದ ಸಾಮಾನು ಇದು. ಜುಲೈನಲ್ಲಿ ಮಳೆಗೆ ಮರ ಬಿದ್ದು ಇಡೀ ಬೀದಿಯಲ್ಲಿ ಕರೆಂಟು ಇಲ್ಲದಿದ್ದಾಗಲೂ ಅದರ ಪಾಡಿಗೆ ಅದು ನಡೆಯುತ್ತಿತ್ತು.

ಹವಾಮಾನದ ಮಾತು ಬಂದದ್ದರಿಂದ ಹೇಳುತ್ತೇನೆ, ಈ ಕೆಲಸಕ್ಕೆ ನಮ್ಮ ಊರುಗಳಷ್ಟು ಅನುಕೂಲದ ಜಾಗ ಕಡಿಮೆ. ಸಮುದ್ರಮಟ್ಟದಿಂದ ಚಿಕ್ಕಮಗಳೂರು ಸಾವಿರ ಮೀಟರಿನ ಮೇಲೆ, ಹಾಸನ, ಮೂಡಿಗೆರೆ ಅದಕ್ಕೆ ಸ್ವಲ್ಪ ಕೆಳಗೆ. ಮಳೆಗಾಲದಲ್ಲಿ ಹಂಚಿನ ಮನೆಯ ಒಳಕೋಣೆ ಹಗಲು ರಾತ್ರಿ ಇಪ್ಪತ್ತರಿಂದ ಇಪ್ಪತ್ತಮೂರು ಡಿಗ್ರಿಯಲ್ಲೇ ಇರುತ್ತದೆ. ಮಂಗಳೂರಿನ ನೆಂಟರು ಬಕೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು, ಒದ್ದೆ ಗೋಣಿ ಸುತ್ತಿ ತಂಪು ಮಾಡಬೇಕು. ಸೆಖೆಯಲ್ಲಿ ಯೀಸ್ಟ್ ಅವಸರದಿಂದ ಕೆಲಸ ಮಾಡಿ ಕೆಟ್ಟ ವಾಸನೆಗಳನ್ನು ಬಿಟ್ಟುಕೊಡುತ್ತದೆ. ಇಲ್ಲಿ ಆ ತೊಂದರೆ ಏಪ್ರಿಲ್, ಮೇ ಬಿಟ್ಟರೆ ಇಲ್ಲ. ಈ ಕಿಟ್ಟಿನ ಹೈಡ್ರೋಮೀಟರ್ ಸರಿಯಾಗಿ ಓದುವುದೂ 20 ಡಿಗ್ರಿಯಲ್ಲಿ. 30 ಡಿಗ್ರಿಯಲ್ಲಿ ಅಳೆದರೆ 0.002, 0.003ರಷ್ಟು ಕಡಿಮೆ ತೋರಿಸುತ್ತದೆ. ನಮ್ಮ ಮಳೆಗಾಲದಲ್ಲಿ ತಿದ್ದುವ ಅಗತ್ಯವೇ ಬೀಳಲಿಲ್ಲ. ಅಳೆಯುವಾಗ ಕಡ್ಡಿಯನ್ನು ಒಮ್ಮೆ ತಿರುಗಿಸಿ ಬಿಡಿ, ಅಂಟಿಕೊಂಡ ಗುಳ್ಳೆಗಳು ಕಡ್ಡಿಯನ್ನು ಎತ್ತಿ ಹಿಡಿದು ಸುಳ್ಳು ಅಂಕಿ ತೋರಿಸುತ್ತವೆ. ಕಣ್ಣನ್ನು ದ್ರವದ ಮಟ್ಟಕ್ಕೆ ತಂದು, ಕೊಳವೆಯ ಅಂಚಿಗೆ ಏರಿದ್ದನ್ನು ಬಿಟ್ಟು ನಡುವಿನ ತಗ್ಗನ್ನು ಓದಿ.

ನೇರಳೆ ಕೊನೆಗೆ 0.996ಕ್ಕೆ ಬಂದು ನಿಂತಿತು. ಲೆಕ್ಕಕ್ಕೆ ಶೇಕಡಾ 11.7.

ಬಾಟಲಿಗೆ ತುಂಬುವ ಮೊದಲು ಇದೇ ಅಂಕಿ ಮೂರು ದಿನ ಅಲುಗಾಡದೆ ನಿಲ್ಲಬೇಕು. ಗುಳ್ಳೆ ನಿಂತಿತು ಎಂದು ಮುಚ್ಚಳ ಬಿಗಿಯುವುದು ಬಹಳ ಅಪಾಯ. ಅಂಕಿ 1.010ರಲ್ಲಿ ಇರುವಾಗ ಬಾಟಲಿ ಮುಚ್ಚಿದಿರಿ ಎನ್ನಿ, ಇನ್ನೂ ಲೀಟರಿಗೆ ಮೂವತ್ತು ಗ್ರಾಂ ಹತ್ತಿರ ಸಕ್ಕರೆ ಒಳಗಿದೆ. ಶಾಂಪೇನ್ ಮಾಡುವವರು ಬಾಟಲಿಯಲ್ಲಿ ನೊರೆ ಹುಟ್ಟಲೆಂದು ಬೇಕೆಂದೇ ಹಾಕುವ ಸಕ್ಕರೆ ಲೀಟರಿಗೆ 24 ಗ್ರಾಂ, ಅದರಿಂದ ಆರು ವಾತಾವರಣದಷ್ಟು ಒತ್ತಡ ಏಳುತ್ತದೆ. ಅದಕ್ಕೆಂದೇ ಅವರ ಬಾಟಲಿ ಅಷ್ಟು ದಪ್ಪ. ನಾವು ತುಂಬುವ ಹಳೆಯ ಸ್ಕ್ವಾಶ್ ಬಾಟಲಿ ಅದನ್ನು ತಡೆಯುವುದಿಲ್ಲ, ಒಡೆದು ಗಾಜು ಕಣ್ಣಿಗೆ ಹಾರುತ್ತದೆ. ಮಕ್ಕಳು ಓಡಾಡುವ ಮನೆಯಲ್ಲಿ ಈ ಒಂದು ಕಾರಣಕ್ಕಾದರೂ ಹೈಡ್ರೋಮೀಟರ್ ಇರಬೇಕು.

ಅತ್ತೆಯವರಿಗೆ ಈಗ ಎಂಬತ್ತು ದಾಟಿದೆ. ಗಸಿ ಕೂತು, ಎರಡು ಸಲ ಸೈಫನ್ ಮಾಡಿ, ಕೆಂಪು ತಿಳಿಯಾದ ಮೇಲೆ ಮೊದಲ ಲೋಟ ಅವರಿಗೇ ಕೊಟ್ಟೆ. ‘ಇದೇನೇ, ಸಿಹಿನೇ ಇಲ್ಲ?’ ಅಂದರು. ಮತ್ತೆ ಒಂದು ಗುಟುಕು ಕುಡಿದು, ‘ಆದ್ರೆ ಹಣ್ಣು ಗೊತ್ತಾಗ್ತದೆ. ನಂದ್ರಲ್ಲಿ ಬರೀ ಲವಂಗ ಗೊತ್ತಾಗ್ತಿತ್ತು’ ಅಂದರು. ನಾನು ಅವರಿಗೆ, ‘ಅಮ್ಮ, ನಿಮಗೆ ಬೇಕಾದಷ್ಟು ಸಿಹಿ ಮಾಡಿಕೊಡ್ತೀನಿ’ ಎಂದು ಒಂದು ಬಾಟಲಿಗೆ ಸಕ್ಕರೆ ಕರಗಿಸಿ ಫ್ರಿಜ್ಜಿನಲ್ಲಿಟ್ಟೆ, ವಾರದೊಳಗೆ ಮುಗಿಯಿತು. ಸಿಹಿ ವೈನನ್ನು ಹೊರಗೆ ತಿಂಗಳುಗಟ್ಟಲೆ ಇಡಬೇಕಾದರೆ ಕೆಎಂಎಸ್ ಜೊತೆ ಪೊಟ್ಯಾಸಿಯಂ ಸಾರ್ಬೇಟ್ ಹಾಕಿ ಯೀಸ್ಟ್ ಮತ್ತೆ ಏಳದಂತೆ ಮಾಡಬೇಕು. ಅದೂ ಕಿಟ್ಟಿನಲ್ಲಿಲ್ಲ.

ಇಲ್ಲದ್ದನ್ನು ಹೇಳುತ್ತಿರುವಾಗ ಉಳಿದ ದೂರುಗಳನ್ನೂ ಮುಗಿಸುತ್ತೇನೆ. ಬಕೆಟ್ಟಿನ ನಲ್ಲಿ ಸೋರುತ್ತಿತ್ತು. ಮಾರಿದವರಿಗೆ ಬರೆದರೆ ಉತ್ತರ ಬರಲಿಲ್ಲ. ಇಲ್ಲೇ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ವಾಷರ್ ತಂದು ಹಾಕಿದರು ನಮ್ಮವರು. ಯಾವ ಕಿಟ್ ತರಿಸಿದರೂ ಮೊದಲು ಬರೀ ನೀರು ತುಂಬಿ ಒಂದು ರಾತ್ರಿ ಬಿಟ್ಟು ನೋಡಿ. ಕಾರ್ಕು ಹತ್ತು ಕೊಟ್ಟಿದ್ದಾರೆ, ಅವನ್ನು ಒತ್ತುವ ಸಾಧನ ಕೊಟ್ಟಿಲ್ಲ, ಕೈಯಲ್ಲಿ ಒತ್ತಿದರೆ ಹೋಗುವುದಿಲ್ಲ. ತಿರುಪು ಮುಚ್ಚಳದ ಬಾಟಲಿಗಳೇ ವಾಸಿ. ಸೂಚನಾಪತ್ರ ಯಾವುದೋ ಚಳಿದೇಶದಿಂದ ಎತ್ತಿಕೊಂಡದ್ದು: ಬಿಸಿ ಫ್ಯಾರನ್‌ಹೀಟಿನಲ್ಲಿ, ತೂಕ ಔನ್ಸಿನಲ್ಲಿ, ದ್ರವ ಗ್ಯಾಲನ್ನಿನಲ್ಲಿ. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546. ಯಾವುದೆಂದು ಹೇಳದೆ ಸಕ್ಕರೆಯ ಅಳತೆ ಕೊಟ್ಟರೆ ಓದುವವರು ಏನು ಮಾಡಬೇಕು? ಎರಡು ಸಾವಿರಕ್ಕಿಂತ ಹೆಚ್ಚು ದುಡ್ಡು ತೆಗೆದುಕೊಂಡು, ನಮ್ಮ ಹಣ್ಣು, ನಮ್ಮ ಅಳತೆಗಳಲ್ಲಿ ಒಂದು ಪುಟ ಕನ್ನಡ ಬರೆಸಲು ಆಗದೇ?

ತೊಳೆಯುವ ಪುಡಿ ಮಾತ್ರ ಒಳ್ಳೆಯದು. ಸೋಡಿಯಂ ಪರ್ಕಾರ್ಬನೇಟ್, ಬಿಸಿನೀರಿನಲ್ಲಿ ಹಾಕಿದರೆ ಆಮ್ಲಜನಕ ಬಿಟ್ಟು ಮೂಲೆಯ ಕೊಳೆಯನ್ನೂ ಎಬ್ಬಿಸುತ್ತದೆ, ವಾಸನೆ ಉಳಿಯುವುದಿಲ್ಲ. ಸ್ಟೀಲಿನ ನಾರು ಹಾಕಿ ಪ್ಲಾಸ್ಟಿಕ್ ಬಕೆಟ್ಟನ್ನು ಉಜ್ಜಬೇಡಿ, ಗೀರುಗಳಲ್ಲಿ ಬ್ಯಾಕ್ಟೀರಿಯಾ ಕೂರುತ್ತದೆ.

ಪೆಟ್ಟಿಗೆಯ ಮೇಲೆ ‘ವೈನ್, ಬಿಯರ್, ಸೈಡರ್ ಮೂರಕ್ಕೂ’ ಎಂದಿದೆ. ಸೈಡರಿಗೆ, ಅಂದರೆ ಸೇಬಿನ ರಸವನ್ನು ಹುದುಗಿಸಿ ಮಾಡುವ ಪೇಯಕ್ಕೆ, ಆಗುತ್ತದೆ. ಸೇಬಿನ ರಸ ಸಾಮಾನ್ಯವಾಗಿ 1.045ರಿಂದ 1.050 ಇರುತ್ತದೆ, ಸಕ್ಕರೆ ಹಾಕದೆಯೇ ಶೇಕಡಾ ಆರರಷ್ಟು ಬರುತ್ತದೆ. ಪ್ಯಾಕೆಟ್ ರಸ ಕೊಳ್ಳುವವರು ಹಿಂಬದಿಯ ಸಣ್ಣ ಅಕ್ಷರ ಓದಿ: 202 ಅಥವಾ 211 ಎಂದಿದ್ದರೆ ಸಾರ್ಬೇಟ್, ಬೆಂಜೋಯೇಟ್ ಹಾಕಿದ್ದಾರೆ ಎಂದರ್ಥ, ಯೀಸ್ಟ್ ಏಳುವುದಿಲ್ಲ. ನಮ್ಮಲ್ಲಿಗೆ ಬರುವ ಕಾಶ್ಮೀರ, ಹಿಮಾಚಲದ ಸೇಬು ತಿನ್ನಲು ಬೆಳೆದವು, ಸಿಹಿ ಹೆಚ್ಚು, ಹುಳಿ ಒಗರು ಕಡಿಮೆ. ಬರೀ ಅವುಗಳ ಸೈಡರ್ ಸಪ್ಪೆ. ಒಂದಿಷ್ಟು ಬೆಟ್ಟದ ನೆಲ್ಲಿಕಾಯಿ ರಸ ಸೇರಿಸಿದರೆ ಎರಡೂ ಕೊರತೆ ತುಂಬುತ್ತದೆ. ಬಿಯರಿಗೆ ಈ ಕಿಟ್ ಸಾಲದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ (ಮಾಲ್ಟು), ಕಹಿ ಕೊಡುವ ಹಾಪ್ಸು ಹೂವು, ಒಂದು ಗಂಟೆ ಕುದಿಸಲು ದೊಡ್ಡ ಪಾತ್ರೆ, ಬೇಗ ತಣಿಸುವ ವ್ಯವಸ್ಥೆ ಎಲ್ಲ ಬೇರೆ ಬೇಕು. ಮೂರಕ್ಕೂ ಎಂದು ಬರೆದದ್ದು ಸರಿಯಲ್ಲ.

ಕೊಳ್ಳುವ ಮೊದಲು ಕಾನೂನಿನ ಮಾತೂ ತಿಳಿದಿರಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಮದ್ಯ ತಯಾರಿಸುವುದಕ್ಕೂ ಮಾರುವುದಕ್ಕೂ ಪರವಾನಗಿ ಬೇಕು. ಕಿಟ್ ಆನ್‌ಲೈನಿನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಮಾಡಲು ಅನುಮತಿ ಸಿಕ್ಕಿತು ಎಂದಲ್ಲ, ಪೆಟ್ಟಿಗೆಯ ಮೇಲೆ ಇದರ ಬಗ್ಗೆ ಒಂದಕ್ಷರವೂ ಇಲ್ಲ. ಹಬ್ಬಕ್ಕೆ ಮನೆಮಟ್ಟಿಗೆ ಎಂದುಕೊಳ್ಳುವವರೂ ನಿಮ್ಮ ಊರಿನ ಅಬಕಾರಿ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ರೆಸಾರ್ಟು, ಹೋಮ್‌ಸ್ಟೇಗಳಿಗೆ ಬಾಟಲಿ ಕೊಟ್ಟು ದುಡ್ಡು ತೆಗೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಭಟ್ಟಿ ಇಳಿಸುವುದಂತೂ ಎಂದಿಗೂ ಬೇಡ. ಹಣ್ಣಿನ ಪೆಕ್ಟಿನ್‌ನಿಂದ ಹುಟ್ಟುವ ಮೆಥನಾಲ್ ಎನ್ನುವ ವಿಷ ವೈನಿನಲ್ಲಿ ಅತ್ಯಲ್ಪ. ಭಟ್ಟಿಯಲ್ಲಿ ಅದು ಒಂದೆಡೆ ಸೇರಿ ಕಣ್ಣು, ಜೀವ ಎರಡಕ್ಕೂ ಕುತ್ತು ತರಬಹುದು.

ಈ ಕಿಟ್ಟಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಮೂರೂ ಹೈಡ್ರೋಮೀಟರ್, ಏರ್‌ಲಾಕ್, ತೊಳೆಯುವ ಪುಡಿಗೆ. ಬಿಡಿಬಿಡಿಯಾಗಿ ತರಿಸಿದರೆ ಇನ್ನೂ ಚೆನ್ನ: ಹೈಡ್ರೋಮೀಟರ್ ಕೊಳವೆ ಸಮೇತ ಏಳೆಂಟು ನೂರು, ಏರ್‌ಲಾಕ್ ಬಿರಡೆ ಸಮೇತ ನೂರರೊಳಗೆ, ಹೆಸರು ತಾರೀಖು ಇರುವ ಯೀಸ್ಟ್ ಇನ್ನೂರು ಮುನ್ನೂರು, ಕೆಎಂಎಸ್ ಒಂದು ಡಬ್ಬಿ. ಮನೆಯ ಭರಣಿಯನ್ನೂ ಎಸೆಯಬೇಡಿ, ಸಿಪ್ಪೆಯ ಜೊತೆಗಿನ ಮೊದಲ ಐದು ದಿನಕ್ಕೆ ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಆಮೇಲಿನದಕ್ಕೆ ಐದು ಲೀಟರಿನ ಗಾಜಿನ ಜಾಡಿ ಸಾಕು. ಹೈಡ್ರೋಮೀಟರನ್ನು ಮಾತ್ರ ಎರಡು ತರಿಸಿ, ತೆಳುಗಾಜು, ಸಿಂಕಿಗೆ ತಗುಲಿದರೆ ಹೋಯಿತು. ಕ್ರಿಸ್‌ಮಸ್ಸಿಗೆ ಬೇಕೆನ್ನುವವರು ಇಪ್ಪತ್ತೊಂದು ದಿನದ ಲೆಕ್ಕ ಬಿಟ್ಟು ಸೆಪ್ಟೆಂಬರ್ ಮುಗಿಯುವುದರೊಳಗೆ ಬೆಂಗಳೂರು ಬ್ಲೂ ದ್ರಾಕ್ಷಿ ತಂದು ಶುರು ಮಾಡಿ, ಗಸಿ ಕೂತು ತಿಳಿಯಾಗಲು ಎರಡು ತಿಂಗಳಾದರೂ ಬೇಕು.